ಗಾಳಿಯೇ ಆಹಾರವಾಗಿದ್ದ ಊಸರವಳ್ಳಿ

ಮೇ ತಿಂಗಳ ರಜೆಗೆ ಊರಿಗೆ ಹೋದ ಮಕ್ಕಳು ಮುಂಬಯಿಗೆ ಮರಳುವಾಗ, ಹಪ್ಪಳ–ಉಪ್ಪಿನಕಾಯಿಯ ಗಂಟಿನೊಡನೆ ಡಬ್ಬಿಯಲ್ಲೊಂದು ಊಸರವಳ್ಳಿಯನ್ನೂ ತಂದುಬಿಡುವುದುಂಟು. ನಾಲ್ಕು ದಿನ ಅದರ ಬಣ್ಣ ನೋಡಿ ನಲಿದದ್ದಾಯಿತು. ಐದನೆಯ ದಿನದಿಂದ ಅದು ಮಿಡತೆಯನ್ನೂ ಮೂಸದು. ಮನೆಮಂದಿಗೆಲ್ಲ ಚಿಂತೆ ಹತ್ತಿಕೊಳ್ಳುತ್ತದೆ. ಈ ಚಿಂತೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ.

ನಮ್ಮ ಹಿಂದಿನವರು ಹಾವನ್ನು ‘ಪವನಾಶನ’ ಎಂದರು. ಗಾಳಿಯನ್ನು ಉಣ್ಣುವುದು ಎಂದು ಅರ್ಥ. ಯೂರೋಪಿನವರು ಇದೇ ಮಾತನ್ನು ಊಸರವಳ್ಳಿಗೆ ಹೇಳಿದರು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಅದು ಅನ್ನ–ನೀರಿಲ್ಲದೆ ಗಾಳಿಯಿಂದಲೇ ಬದುಕುತ್ತದೆಂದು ಬರೆದಿಟ್ಟ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಕೂಡ ಈ ನಂಬಿಕೆಯನ್ನು ಹಿಡಿದು ಚಾಟೂಕ್ತಿ ಆಡುತ್ತಾನೆ. 1646ರಲ್ಲಿ ಥಾಮಸ್ ಬ್ರೌನ್ ಎಂಬ ಇಂಗ್ಲಿಷ್ ವೈದ್ಯ ಇದನ್ನು ಪ್ರಶ್ನಿಸಿದ. ಗಾಳಿಯೇ ಸಾಕಾಗುವುದಾದರೆ ಅದಕ್ಕೆ ಆ ನಾಲಿಗೆ, ಆ ಹೊಟ್ಟೆ, ಆ ಕರುಳು ಏತಕ್ಕೆ ಎಂಬುದು ಅವನ ವಾದದ ತಿರುಳು.

ತಪ್ಪು ಹುಟ್ಟಲು ಕಾರಣವೂ ಇತ್ತು. ಊಸರವಳ್ಳಿ ಬಹುದಿನ ಉಪವಾಸವಿರಬಲ್ಲುದು. ಬೆದರಿದಾಗ ಗಾಳಿ ಎಳೆದು ಮೈ ಉಬ್ಬಿಸುತ್ತದೆ. ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಹನಿಗಳನ್ನು ನೆಕ್ಕುತ್ತದೆ. ಪಂಜರದಲ್ಲಿ ನೋಡಿದವರಿಗೆ ಅದು ಉಣ್ಣದ, ಕುಡಿಯದ ಜೀವಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಾಣಿಯನ್ನು ಕಣ್ಣಾರೆ ನೋಡಿ ಬರೆದಿಡುವ ಪದ್ಧತಿಗೆ ನಮ್ಮ ಮುಂಬಯಿಯಲ್ಲಿ ನೆಲೆ ಒದಗಿಸಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. 1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಸೇರಿ ಅದನ್ನು ಸ್ಥಾಪಿಸಿದರು, ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ ಅವರಲ್ಲಿದ್ದರು. ಮರುವರ್ಷ ಮದ್ಯವ್ಯಾಪಾರಿ ಫಿಪ್ಸನ್ ಫೋರ್ಬ್ಸ್ ಬೀದಿಯ ತನ್ನ ಅಂಗಡಿಯಲ್ಲಿ ಅದಕ್ಕೊಂದು ಕೋಣೆ ಕೊಟ್ಟ. 1894ರಲ್ಲಿ ಅಲ್ಲಿಗೆ ನಮ್ಮ ಕಾರವಾರದಿಂದ ಒಬ್ಬ ಅತಿಥಿ ಬಂದ: ‘ವಿಲಿಯಂ’ ಎಂಬ ಮೂರು ತಿಂಗಳ ದೊಡ್ಡ ಮಂಗಟ್ಟೆ ಹಕ್ಕಿ! ಬಾಳೆಹಣ್ಣು, ಕಾಡಿನ ಅತ್ತಿ, ಇಲಿ, ಚೇಳು ಎಲ್ಲವನ್ನೂ ನುಂಗುತ್ತಿದ್ದ ಅವನು ನೀರು ಮಾತ್ರ ಕುಡಿಯುತ್ತಿರಲಿಲ್ಲವಂತೆ. ನೋಡಿದವರು ಅದನ್ನು ಹಾಗೆಯೇ ಬರೆದಿಟ್ಟರು. 1920ರವರೆಗೆ ಅವನು ಅಲ್ಲೇ ಬಾಳಿದ. ಅದೇ ಸಂಸ್ಥೆಯ ಪತ್ರಿಕೆಯಲ್ಲಿ 1912ರಲ್ಲಿ ಟ್ರೆಂಚ್ ಎಂಬವರು ಭಾರತದ ಊಸರವಳ್ಳಿಯ ಬಗ್ಗೆ ಟಿಪ್ಪಣಿ ಬರೆದರು.

ಹೀಗೆ ನೋಡಿ ಬರೆದವರಿಂದಲೇ ಹೆಣ್ಣು ಊಸರವಳ್ಳಿಯ ಉಪವಾಸದ ಒಂದು ಗುಟ್ಟು ನಮಗೆ ತಿಳಿದಿದೆ. ಉಪವಾಸಕ್ಕೆ ಕಾಯಿಲೆ, ಬೆದರಿಕೆ, ಬಿಸಿಲಿನ ಕೊರತೆಯೂ ಕಾರಣವಾಗಬಹುದು. ಆದರೆ ಮೊಟ್ಟೆಯಿಡುವ ಹೊತ್ತು ಹತ್ತಿರವಾದಾಗಲೂ ಅದು ಆಹಾರ ಬಿಡುತ್ತದೆ. ಸದಾ ಕೊಂಬೆಯಲ್ಲಿರುವ ಪ್ರಾಣಿ ಆಗ ನೆಲಕ್ಕಿಳಿದು, ಮಣ್ಣು ತೋಡಿ, ಹತ್ತರಿಂದ ಮೂವತ್ತರವರೆಗೆ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ನಮ್ಮ ಫ್ಲಾಟಿನ ಗಾಜಿನ ಪೆಟ್ಟಿಗೆಯಲ್ಲಿ ಮಣ್ಣೆಲ್ಲಿ? ಅದು ತಳವನ್ನು ಕೆರೆಯುತ್ತದೆ, ಮೂಲೆಮೂಲೆ ಅಲೆಯುತ್ತದೆ. ನಾವು ಅದರ ಬಾಯಿಗೆ ಜಿರಳೆ ತುರುಕಲು ಹೊರಡುತ್ತೇವೆ! ಜಾಗ ಸಿಗದೆ ಮೊಟ್ಟೆ ಒಳಗೇ ಉಳಿದರೆ ತಾಯಿಯೇ ಸಾಯಬಹುದು.

ಇದಕ್ಕೆ ತಕ್ಷಣದ ಉಪಚಾರ ಸುಲಭ: ಅಗಲವಾದ ಬಕೀಟಿನಲ್ಲಿ ಒಂದಡಿ ಆಳದ ತೇವದ ಮರಳುಮಣ್ಣು, ಒಂದೆರಡು ರೆಂಬೆ, ಎಲೆಗಳ ಮೇಲೆ ಚಿಮುಕಿಸಿದ ನೀರು, ಮತ್ತು ಯಾರೂ ಇಣುಕದಂತೆ ಒಂದು ಮರೆ. ಬಾಯಿ ಬಿಡಿಸಿ ಉಣಿಸಬಾರದು. ಆದರೆ ಇದು ಒಂದೆರಡು ದಿನದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಊಸರವಳ್ಳಿ ರಕ್ಷಿತ ಪ್ರಾಣಿ. ಹಿಡಿಯುವುದೂ ಸಾಕುವುದೂ ಅಪರಾಧ. ತಂದದ್ದಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೇ ಸರಿ. ಪಶುವೈದ್ಯರ ನೆರವೂ ಅಲ್ಲಿಂದ ದೊರೆಯುತ್ತದೆ.

ಗಾಳಿಯಿಂದ ಬದುಕುತ್ತದೆಂದು ನಂಬಿದವರು ಊಸರವಳ್ಳಿಯನ್ನು ಉಪವಾಸ ಕೆಡವಿದರು. ಅದಕ್ಕೆ ಬೇಕಾದದ್ದು ಅನ್ನವೊಂದೇ ಎಂದುಕೊಂಡ ನಾವು ಮಣ್ಣನ್ನು ಮರೆತೆವು. ಮುಂದಿನ ರಜೆಯಲ್ಲಿ ಮಕ್ಕಳು ಬೇಲಿಯ ಮೇಲೆ ಅದನ್ನು ಕಂಡರೆ, ಡಬ್ಬಿಯ ಬದಲು ಒಂದು ನೋಟುಪುಸ್ತಕ ಅವರ ಕೈಗೆ ಕೊಡೋಣ.