ಹಡಪ, ಬಾನಿ, ಜಂಬದ ಚೀಲ

ಕನ್ನಡದಲ್ಲಿ ತೊಗಲಿನ ಚೀಲಕ್ಕೆ ಅದು ಹೊರುವ ಸರಕನ್ನು ನೋಡಿ ಹೆಸರಿಟ್ಟಿದ್ದಾರೆ. ಎಲೆಯಡಿಕೆಗೆ ಹಡಪ, ಎಣ್ಣೆ ತುಪ್ಪಕ್ಕೆ ಸಿದ್ದಿಗೆ, ಕುಲುಮೆಯ ಗಾಳಿಗೆ ತಿದಿ, ಬೀದಿಯಲ್ಲಿ ಹೊತ್ತು ತರುವ ನೀರಿಗೆ ಪಖಾಲಿ, ಬಾವಿಯಿಂದ ಎತ್ತುವ ನೀರಿಗೆ ಬಾನಿ. ಕ್ಷೌರಿಕನ ಕತ್ತಿ, ಮಸೆಗಲ್ಲು ಇರುತ್ತಿದ್ದ ಚೀಲಕ್ಕೂ ಹಡಪವೆಂದೇ ಹೆಸರು. ಬಹಳ ಕಾಲದ ಮೇಲೆ ಹೆಂಗಸರ ಹೆಗಲಿಗೆ ವ್ಯಾನಿಟಿ ಬ್ಯಾಗ್ ಬಂದಾಗ ಕನ್ನಡಿಗರು ನಗೆಯಾಡುತ್ತ ಅದನ್ನು ‘ಜಂಬದ ಚೀಲ’ ಎಂದರು. ಈ ಸಾಲಿನಲ್ಲಿ ಸರಕಿನ ಬದಲು ಹೊರುವವರ ಮೇಲೆ ಕಣ್ಣಿಟ್ಟ ಹೆಸರು ಅದೊಂದೇ. ಕರ್ನಾಟಕದ ತೊಗಲಿನ ಚೀಲದ ಚರಿತ್ರೆ ಈ ಎರಡು ಬಗೆಯ ಹೆಸರುಗಳ ನಡುವೆ ಹರಡಿಕೊಂಡಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ತೊಗಲಿನ ಕಸುಬಿನ ನೆನಪು ಹೆಸರುಗಳಲ್ಲೇ ಉಳಿದಿದೆ. ಬಸವಣ್ಣನ ಆಪ್ತನಾಗಿದ್ದ ಅಪ್ಪಣ್ಣನಿಗೆ ‘ಹಡಪದ’ ಎಂಬುದು ಹೊತ್ತ ಚೀಲದಿಂದ ಬಂದ ವಿಶೇಷಣ. ಬಸವಣ್ಣನಿಗಿಂತ ಹಿಂದಿನವನೆನ್ನಲಾದ ಮಾದಾರ ಚೆನ್ನಯ್ಯ, ಕಲ್ಯಾಣದ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮೂವರೂ ತೊಗಲಿನ ಕೆಲಸದ ಕುಲಗಳವರು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿ ತಂದರೆಂಬ ಕಥೆ ನಾಡಿನಲ್ಲೆಲ್ಲ ಪ್ರಸಿದ್ಧ. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ನಡೆದ ಮದುವೆ ಕಲ್ಯಾಣದ ಕ್ರಾಂತಿಗೆ ಕಾರಣವಾಯಿತು ಎಂದು ಪರಂಪರೆ ಹೇಳುತ್ತದೆ.

ಕಸುಬಿನೊಳಗೆ ಕೆಲಸ ಹಂಚಿಹೋಗಿತ್ತು. ಹಸಿ ತೊಗಲನ್ನು ಹದ ಮಾಡುವುದು ಡೋಹರರ ಪಾಲು, ಮೆಟ್ಟು ಹೊಲಿಯುವುದು ಸಮಗಾರರ ಪಾಲು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಮಾದಿಗರು ಎರಡನ್ನೂ ಮಾಡುತ್ತಿದ್ದರು. ಉಳುವವನಿಗೆ ಬೇಕಾದ ಮಿಣಿ, ಬಾರುಕೋಲು, ಎಕ್ಕಡ, ಬಾನಿಗಳನ್ನು ಅವರು ಒದಗಿಸಿದರೆ ಸುಗ್ಗಿಯಲ್ಲಿ ಕಣದಿಂದ ‘ಆಯ’ವಾಗಿ ಕಾಳು ಸಲ್ಲುತ್ತಿತ್ತು. ಹನ್ನೆರಡು ಮಂದಿ ಆಯಗಾರರ ಏರ್ಪಾಟಿನಲ್ಲಿ ಅವರಿಗೂ ಪಾಲು ಇತ್ತು. ಊರೊಳಗೆ ಮನೆ ಇರಲಿಲ್ಲ. ಹೊಲಕ್ಕೆ ನೀರು ಎತ್ತುವ ಬಾನಿಯನ್ನು ಹೊಲಿದ ಕೈಗೆ ಅದೇ ಊರಿನ ಕುಡಿಯುವ ನೀರಿನ ಬಾವಿ ಮುಟ್ಟಬಾರದ್ದಾಗಿತ್ತು.

ಈ ಚೀಲಗಳಲ್ಲೆಲ್ಲ ದೊಡ್ಡದೂ ಜಾಣ್ಮೆಯದೂ ಆದದ್ದು ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆಯ ಬಾನಿ. ಬಾವಿಯ ಕಟ್ಟೆಯಿಂದ ಇಳಿಜಾರಾಗಿ ತೋಡಿದ ದಾರಿಯಲ್ಲಿ ಜೋಡಿ ಎತ್ತುಗಳು ಹಗ್ಗ ಎಳೆಯುತ್ತ ಇಳಿಯುತ್ತಿದ್ದವು. ಬಾನಿ ಒಂದು ಬಾರಿಗೆ ನೂರು ಲೀಟರಿಗೂ ಮಿಕ್ಕ ನೀರನ್ನು ಎತ್ತಬಲ್ಲದಾಗಿತ್ತು. ಅದರ ಬಾಯಿಗೆ ಕಬ್ಬಿಣದ ಬಳೆ, ಬುಡಕ್ಕೆ ಆನೆಯ ಸೊಂಡಿಲಿನಂಥ ಉದ್ದ ತೊಗಲಿನ ಕೊಳವೆ. ಬಾಯಿಗೆ ಕಟ್ಟಿದ ದಪ್ಪ ಹಗ್ಗ ಮೇಲಿನ ಗಾಲಿಯ ಮೇಲೆ, ಸೊಂಡಿಲ ತುದಿಗೆ ಕಟ್ಟಿದ ಸಣ್ಣ ಹಗ್ಗ ಕೆಳಗಿನ ಉರುಳೆಯ ಮೇಲೆ ಹಾಯುತ್ತಿತ್ತು. ಬಾನಿ ಮೇಲೇರುವಾಗ ಸೊಂಡಿಲು ಮಡಚಿಕೊಂಡು ನೀರನ್ನು ಹಿಡಿದಿಡುತ್ತಿತ್ತು. ಕಟ್ಟೆಯ ಮಟ್ಟಕ್ಕೆ ಬಂದೊಡನೆ ಸಣ್ಣ ಹಗ್ಗ ಸೊಂಡಿಲನ್ನು ತೊಟ್ಟಿಯತ್ತ ಎಳೆದು ನೀರು ತಾನಾಗಿ ಸುರಿಯುತ್ತಿತ್ತು. ಬಾವಿಯ ಬಾಯಲ್ಲಿ ನಿಂತು ಬಾನಿಯನ್ನು ಬಗ್ಗಿಸಲು ಮತ್ತೊಬ್ಬ ಆಳು ಬೇಕಿರಲಿಲ್ಲ. ಎತ್ತು ಹೊಡೆಯುವವನ ಬೇಸರ ಕಳೆಯಲು ಹುಟ್ಟಿದ ಕಪಿಲೆ ಹಾಡುಗಳು ಜನಪದ ಸಾಹಿತ್ಯದಲ್ಲಿ ಒಂದು ಪ್ರಕಾರವೇ ಆಗಿವೆ.

ಬಾನಿಯ ರೂಪವನ್ನು ನಿಶ್ಚಯಿಸಿದ್ದು ಮಿತವ್ಯಯ. ಹೊಲಿಗೆ ಹಾಕಿದಲ್ಲೆಲ್ಲ ತೂತು, ತೂತಿದ್ದಲ್ಲೆಲ್ಲ ಸೋರಿಕೆ. ಆದ್ದರಿಂದ ಆದಷ್ಟು ದೊಡ್ಡ ತುಂಡು, ಆದಷ್ಟು ಕಡಿಮೆ ಹೊಲಿಗೆ. ಇಡೀ ತೊಗಲಿನ ಬೆಲೆ ತಿಳಿದವನು ಅದನ್ನು ಚೂರು ಮಾಡುತ್ತಿರಲಿಲ್ಲ. ರಂಪಿಗೆಯಿಂದ ಕೊಯ್ದು, ಆರಿಯಿಂದ ಚುಚ್ಚಿ, ತೊಗಲಿನದೇ ಎಳೆಯಿಂದ ಬಿಗಿದರೆ ಕೆಲಸ ಮುಗಿಯಿತು. ಅಸ್ತರಿ, ಒಳಜೇಬು, ಅಲಂಕಾರ ಯಾವುದಕ್ಕೂ ಅಲ್ಲಿ ಎಡೆಯಿರಲಿಲ್ಲ. ಇಂದಿನ ವಿನ್ಯಾಸಕಾರರು ‘ಮಿನಿಮಲಿಸ್ಟ್’ ಎನ್ನುವ ಗುಣ ಈ ಚೀಲಕ್ಕೆ ಬಾವಿಯ ನೀರಿನಿಂದಲೇ ಬಂದಿತ್ತು.

ತೊಗಲನ್ನು ಹದ ಮಾಡುವ ವಿಧಾನದಲ್ಲೂ ಚೀಲವೇ ಮುಖ್ಯ. ಹಸಿ ತೊಗಲನ್ನು ಮೊದಲು ಸುಣ್ಣದ ಗುಂಡಿಯಲ್ಲಿ ನೆನೆಸಿ ಕೂದಲು ಉದುರಿಸಿ, ಒಳಮೈಯ ಮಾಂಸ ಕೆರೆದು ತೊಳೆಯುತ್ತಾರೆ. ಆಮೇಲೆ ಆ ತೊಗಲನ್ನೇ ಚೀಲದಂತೆ ಹೊಲಿದು, ಒಗರು ತೊಗಟೆಯ ನೀರು ತುಂಬಿ, ಅಡ್ಡಗಂಬಕ್ಕೆ ತೂಗುಹಾಕುತ್ತಾರೆ. ಒಗರು ತೊಗಲಿನ ಎಳೆಎಳೆಗೆ ಇಳಿಯುತ್ತ ಹೊರಗೆ ಜಿನುಗುತ್ತದೆ. ಜಿನುಗಿದ್ದನ್ನು ಹಿಡಿದು ಮತ್ತೆ ಒಳಗೆ ಸುರಿಯುತ್ತಾರೆ. ಇಡೀ ಕೆಲಸ ವಾರಗಟ್ಟಲೆ ಹಿಡಿಯುತ್ತದೆ. ದಕ್ಷಿಣದಲ್ಲಿ ತಂಗಡಿ ತೊಗಟೆ, ಉತ್ತರ ಕರ್ನಾಟಕದಲ್ಲಿ ಜಾಲಿ ತೊಗಟೆ ಮತ್ತು ಅಳಲೆಕಾಯಿ ಇದಕ್ಕೆ ಒದಗುತ್ತಿದ್ದವು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಕಸುಬುಗಳ ನಡುವೆ ತೊಗಲು ಹದ ಮಾಡುವುದನ್ನೂ ದಾಖಲಿಸಿದ. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯಾದ ಮೇಲೆ ಜೀನು, ಬೂಟು, ಬೆಲ್ಟುಗಳಿಗೆ ಬೇಡಿಕೆ ಬೆಳೆಯಿತು. ದಂಡುಪ್ರದೇಶದ ಅಂಚಿನಲ್ಲಿ ಟ್ಯಾನರಿಗಳು ಎದ್ದವು. ಅವು ಎದ್ದ ರಸ್ತೆಗೆ ಈಗ ಡಾ. ಅಂಬೇಡ್ಕರರ ಹೆಸರಿದ್ದರೂ ಜನರ ಬಾಯಲ್ಲಿ ಅದು ಟ್ಯಾನರಿ ರಸ್ತೆಯೇ. ಹತ್ತೊಂಬತ್ತನೆಯ ಶತಮಾನದಲ್ಲೇ ತಂಗಡಿ ತೊಗಟೆಯಿಂದ ಹದವಾದ ತೊಗಲು ‘ಈಸ್ಟ್ ಇಂಡಿಯಾ ಲೆದರ್’ ಎಂಬ ಹೆಸರಿನಲ್ಲಿ ಮದರಾಸಿನ ಬಂದರಿನಿಂದ ಹಡಗೇರತೊಡಗಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಅದನ್ನು ಬಳಸಿದರು. ಹೀಗೆ ಊರಿನ ಕಣದಲ್ಲಿ ಆಯಕ್ಕೆ ಸಾಟಿಯಾಗಿದ್ದ ತೊಗಲಿಗೆ ಪೇಟೆಯ ಧಾರಣೆ ಬಂತು. ಆ ಹಣ ವರ್ತಕರ ಕೈ ಸೇರಿತು. ಕಸುಬುದಾರನಿಗೆ ಕಚ್ಚಾ ತೊಗಲೇ ದುಬಾರಿಯಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಲವಣಗಳಿಂದ ತೊಗಲು ಹದ ಮಾಡುವ ಪ್ರಯೋಗ ಕೈಗೊಂಡ. ಅಮೆರಿಕದಲ್ಲಿ 1884ರಿಂದೀಚೆಗೆ ಬಳಕೆಗೆ ಬಂದಿದ್ದ ಈ ವಿಧಾನದಲ್ಲಿ ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯುತ್ತದೆ. ತೊಗಟೆಯ ಒಗರು ನೀರಿನಲ್ಲಿ ಮೆಲ್ಲಗೆ ಬಿಟ್ಟುಹೋಗುತ್ತದೆ, ಕ್ರೋಮ್ ಬಿಡುವುದಿಲ್ಲ. ಆದ್ದರಿಂದ ಚಾಟರ್ಟನ್ ಅದನ್ನು ಬಾವಿಯ ನೀರೆತ್ತುವ ಚೀಲಗಳಿಗೆ ಹೊಂದಿಸಲು ನೋಡಿದ. ದಕ್ಷಿಣ ಭಾರತದಲ್ಲಿ ಆಧುನಿಕ ಚರ್ಮ ತಂತ್ರಜ್ಞಾನದ ಮೊದಲ ಗಿರಾಕಿಗಳಲ್ಲಿ ರೈತನ ಬಾನಿಯೂ ಒಂದು. ಚಾಟರ್ಟನ್ ಬಳಿಕ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದ. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ ಗಂಧದೆಣ್ಣೆ, ಸಾಬೂನು ಕಾರ್ಖಾನೆಗಳ ಜೊತೆಗೆ ಕ್ರೋಮ್ ಟ್ಯಾನಿಂಗ್ ಕಾರ್ಖಾನೆಯೂ ಸಂಸ್ಥಾನದಲ್ಲಿ ಹುಟ್ಟಿತು. ಸಾಬೂನು ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದು ಇಂದಿಗೂ ಅಲ್ಲಿದೆ, ಅದರ ಗಂಧದ ಸಾಬೂನು ನಾಡಿನ ಗುರುತಾಗಿದೆ. ಜೊತೆಗೆ ಹುಟ್ಟಿದ ಚರ್ಮದ ಉದ್ಯಮಕ್ಕೆ ಅಂಥ ಮನೆಮಾತಿನ ಹೆಸರು ಸಿಗಲಿಲ್ಲ.

ಅಷ್ಟರಲ್ಲಿ ಹಳೆಯ ಚೀಲಗಳ ಕೆಲಸ ಒಂದೊಂದಾಗಿ ತಪ್ಪುತ್ತ ಬಂತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಹರಿದು ಪಖಾಲಿಯ ಭಾರ ಇಳಿಸಿತು. ಡಬ್ಬಗಳು ಸಿದ್ದಿಗೆಯನ್ನೂ, ಕೈಗಾಲಿಯ ಬೀಸಣಿಗೆ ತಿದಿಯನ್ನೂ ಮೂಲೆಗೆ ಸರಿಸಿದವು. ಬಾನಿಗೆ ಮೊದಲು ತಗಡು ಬಂತು, ಆಮೇಲೆ ವಿದ್ಯುತ್ ಪಂಪ್‌ಸೆಟ್ಟು ಕಪಿಲೆಯನ್ನೇ ಅಳಿಸಿತು. ನಗರದ ಪಶ್ಚಿಮದಲ್ಲಿ ಬಾವಿಗಳೇ ಉಳಿಯಲಿಲ್ಲ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆಗಳ ಹೊಲತೋಟಗಳು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ನಿವೇಶನಗಳಾದವು.

ಆ ನಿವೇಶನಗಳಲ್ಲಿ ಮನೆ ಕಟ್ಟಿದ ಸಂಸಾರಗಳ ಹೆಂಗಸರು ಶಾಲೆ, ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳಿಗೆ ದುಡಿಯಲು ಹೊರಟಾಗ ಜಂಬದ ಚೀಲ ಬುತ್ತಿ, ಬಸ್ ಪಾಸು, ಸಂಬಳದ ಕವರುಗಳನ್ನು ಹೊತ್ತಿತು. ಹೆಸರಿನಲ್ಲಿ ಜಂಬ ಉಳಿಯಿತು, ಕೆಲಸದಲ್ಲಿ ಅದು ಹಡಪದ ಸಾಲಿಗೇ ಸೇರಿತು. ಇದೇ ಬದಲಾವಣೆಯನ್ನು ಅಮೆರಿಕದಲ್ಲಿ ವಿನ್ಯಾಸವಾಗಿ ಹಿಡಿದವರು ವಿನ್ಯಾಸಕಿ ಬಾನಿ ಕ್ಯಾಶಿನ್. 1941ರಲ್ಲಿ ನ್ಯೂಯಾರ್ಕಿನಲ್ಲಿ ಸಣ್ಣ ಕಾರ್ಯಾಗಾರವಾಗಿ ಶುರುವಾದ ಕೋಚ್ ಸಂಸ್ಥೆಗೆ 1962ರಿಂದ ಚೀಲಗಳನ್ನು ರೂಪಿಸಿದ ಆಕೆ ದಿನಸಿ ಅಂಗಡಿಯ ಕಾಗದದ ಚೀಲವನ್ನೇ ಮಾದರಿಯಾಗಿ ಇಟ್ಟುಕೊಂಡರು. ದಪ್ಪ ತೊಗಲು, ನೇರ ಅಂಚು, ಹಿತ್ತಾಳೆಯ ತಿರುಗುಣಿ, ಅಷ್ಟೇ. 2013ರಿಂದ ಅದೇ ಸಂಸ್ಥೆಯ ವಿನ್ಯಾಸದ ಹೊಣೆ ಹೊತ್ತ ಸ್ಟುವರ್ಟ್ ವೆವರ್ಸ್ ಹಳೆಯ ಸಂಗ್ರಹದ ಮಾದರಿಗಳಿಗೆ ಮರಳಿ ಹೊಸ ಚೀಲಗಳನ್ನು ತಂದಿದ್ದಾರೆ. ದಕ್ಷಿಣ ಭಾರತದಲ್ಲಿ ಈ ದಾರಿ ಹಿಡಿದದ್ದು ಪುದುಚೇರಿಯ ಹೈಡಿಸೈನ್. 1978ರಲ್ಲಿ ದಿಲೀಪ್ ಕಪೂರ್ ಇಬ್ಬರೇ ಕೆಲಸಗಾರರ ಕಾರ್ಯಾಗಾರವಾಗಿ ಅದನ್ನು ಆರಂಭಿಸಿ, ತೊಗಟೆಯಿಂದ ಹದವಾದ ತೊಗಲನ್ನೇ ಗುರುತಾಗಿ ಮಾಡಿಕೊಂಡರು.

ಸರಳ ಚೀಲಕ್ಕೆ ತೊಗಟೆಯ ತೊಗಲು ಒಗ್ಗುವುದಕ್ಕೆ ಕಾರಣವಿದೆ. ಅದು ಬಿಗಿಯಾಗಿ ನಿಲ್ಲುತ್ತದೆ, ಕೊಯ್ದ ಅಂಚನ್ನು ತಿಕ್ಕಿದರೆ ನುಣುಪಾಗುತ್ತದೆ, ಆದ್ದರಿಂದ ಮಡಿಕೆಯಾಗಲಿ ಅಸ್ತರಿಯಾಗಲಿ ಬೇಕಿಲ್ಲ. ಕೈ ತಾಗಿದಂತೆ ಬಣ್ಣ ಗಾಢವಾಗುತ್ತದೆ. ಒಂದೇ ದಾರವನ್ನು ಎರಡು ಸೂಜಿಗಳಿಂದ ಎರಡು ಕಡೆಯಿಂದ ಹಾಯಿಸುವ ಜೀನುಗಾರರ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಉಳಿದವು ಬಿಚ್ಚಿಕೊಳ್ಳುವುದಿಲ್ಲ. ಅಲಂಕಾರವಿಲ್ಲದ ಚೀಲದಲ್ಲಿ ತಪ್ಪು ಮುಚ್ಚಿಡಲು ಜಾಗವಿಲ್ಲ. ತೊಗಲಿನ ಗುಣ, ಕೈಯ ಪಳಗಿಕೆ ಎರಡೂ ಬಯಲಲ್ಲಿರುತ್ತವೆ.

ಕರ್ನಾಟಕದಲ್ಲಿ ಕಸುಬಿನ ಪುನರುಜ್ಜೀವನ ಚೀಲಕ್ಕಿಂತ ಮೊದಲು ಚಪ್ಪಲಿಯಲ್ಲಿ ಕಂಡಿತು. ರಾಜ್ಯ ಸರ್ಕಾರ 1976ರಲ್ಲಿ ಸ್ಥಾಪಿಸಿದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಇಂದಿನ ಡಾ. ಬಾಬು ಜಗಜೀವನ ರಾಂ ನಿಗಮ, ‘ಲಿಡ್ಕರ್’ ಎಂಬ ಹೆಸರಿನಲ್ಲಿ ಚಪ್ಪಲಿ, ಬೆಲ್ಟು, ಚೀಲಗಳನ್ನು ಮಾರುತ್ತದೆ. 2023ರಲ್ಲಿ ನಟ ಡಾಲಿ ಧನಂಜಯ ಅದರ ರಾಯಭಾರಿಯಾದರು. ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ 1990ರ ದಶಕದ ಕೊನೆಗೆ ಬೆಂಗಳೂರಿನ ಅಸೆಂಟ್ ಸಂಸ್ಥೆಯ ನೆರವಿನಿಂದ ಮೂಡಿದ ‘ಟೋಹೋಲ್ಡ್’ ಕುಶಲಕರ್ಮಿಗಳನ್ನು, ಅದರಲ್ಲೂ ಜಡೆ ಹೆಣೆದು ಹೊಲಿಯುವ ಹೆಂಗಸರನ್ನು, ಸಂಘಟಿಸಿ ಹೊರದೇಶದ ಮಾರುಕಟ್ಟೆಗೆ ತಲುಪಿಸಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು.

ಆ ಗುರುತಿನ ಪರೀಕ್ಷೆ 2025ರ ಜೂನ್‌ನಲ್ಲಿ ನಡೆಯಿತು. ಮಿಲಾನಿನ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ಮೂಲದ ಹೆಸರೆತ್ತದೆ ತೋರಿಸಿ, ಟೀಕೆಯ ಬಳಿಕ ಅದರ ಭಾರತೀಯ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚರ್ಮ ನಿಗಮ ಮತ್ತು ಲಿಡ್ಕರ್ ಜೊತೆ ಒಪ್ಪಂದವಾಯಿತು. ಎರಡು ರಾಜ್ಯಗಳ ಕಸುಬುದಾರರ ಕೈಯಿಂದ 2,000 ಜೊತೆ, ಜೊತೆಯೊಂದಕ್ಕೆ ಸುಮಾರು 800 ಯೂರೊ ಎಂದು ಪ್ರಕಟವಾಯಿತು.

ಬಾನಿ, ತಿದಿ, ಪಖಾಲಿಗಳಿಗೆ ಇಂಥ ಗುರುತಿನ ಚೀಟಿ ಇಲ್ಲ. ಅವುಗಳಿಗೆ ಅಂಗಡಿಯೂ ಇರಲಿಲ್ಲ. ಅವುಗಳ ರೀತಿ ಮಾತ್ರ ಕಸುಬಿನಲ್ಲಿ ಉಳಿದಿದೆ. ತೊಗಲನ್ನು ಚೀಲವಾಗಿ ಹೊಲಿದು ತೊಗಟೆಯ ನೀರು ತುಂಬುವ ಹದ ಕೊಲ್ಹಾಪುರಿಯ ತೊಗಲಿಗೆ ಇಂದಿಗೂ ಸಲ್ಲುತ್ತದೆ. ದೊಡ್ಡ ತುಂಡು, ಕಡಿಮೆ ಹೊಲಿಗೆ, ನಂಬಿಕೆಯ ಅಂಚು ಎಂಬ ಬಾನಿಯ ಲೆಕ್ಕ ಸರಳ ಕೈಚೀಲಕ್ಕೂ ಅದೇ. ಹಳೆಯ ಆಯದ ಏರ್ಪಾಟಿನಲ್ಲಿ ಹೊಲಿದವನ ಹೆಸರು ಊರಿಗೆಲ್ಲ ಗೊತ್ತಿತ್ತು, ಬೆಲೆ ಕಟ್ಟುವ ಅಧಿಕಾರ ಅವನಿಗಿರಲಿಲ್ಲ. ಈಗ ಬೆಲೆ ಏರಿದೆ, ಚೀಲದ ಮೇಲೆ ಅಚ್ಚಾಗುವುದು ಸಂಸ್ಥೆಯ ಹೆಸರು.