ರೋಟಾವೈರಸ್ ಭೇದಿ (ಮುಂಬಯಿ)

ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳ ಸಣ್ಣಕರುಳಿಗೆ ತಗಲುವ ವೈರಾಣು ಸೋಂಕು. ವಾಂತಿ, ಜ್ವರ, ನೀರುನೀರಾದ ಭೇದಿ ಲಕ್ಷಣಗಳು. ಪ್ರಾಣಾಪಾಯ ಬರುವುದು ನಿರ್ಜಲೀಕರಣದಿಂದ. ವೈರಾಣುವನ್ನು 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಗುರುತಿಸಿದರು. ಮಲದಿಂದ ಕೈ, ನೀರು, ಆಟಿಕೆಗಳ ಮೂಲಕ ಬಾಯಿ ಸೇರುತ್ತದೆ. ಮುಂಬಯಿಯ ಧಾರಾವಿ, ಗೋವಂಡಿಗಳಂಥ ಇಕ್ಕಟ್ಟಿನ ವಸತಿಗಳಲ್ಲಿ ಸಾಮೂಹಿಕ ಶೌಚಾಲಯ, ಹೊತ್ತು ನೋಡಿ ಬರುವ ನಲ್ಲಿನೀರು ಹರಡಿಕೆಗೆ ಅನುಕೂಲ. ಆದರೆ ಶುದ್ಧ ನೀರಿನ ಬಡಾವಣೆಗಳ ಮಕ್ಕಳಿಗೂ ಇದು ತಪ್ಪಿದ್ದಲ್ಲ. ಭೇದಿಯನ್ನು ಮಳೆಗಾಲಕ್ಕಷ್ಟೇ ಕಟ್ಟುವ ರೂಢಿಗೆ ವಿರುದ್ಧವಾಗಿ, ಭಾರತದಲ್ಲಿ ರೋಟಾವೈರಸ್ ಹೆಚ್ಚುವುದು ಚಳಿಗಾಲದಲ್ಲಿ. ಪ್ರತಿಜೈವಿಕಗಳಿಂದ ಪ್ರಯೋಜನವಿಲ್ಲ, ಓಆರ್‌ಎಸ್, ಸತುವಿನ ಮಾತ್ರೆ, ಎದೆಹಾಲು ಮುಂದುವರಿಸುವುದೇ ಚಿಕಿತ್ಸೆ. ದೆಹಲಿಯ ನವಜಾತ ಶಿಶುವಿನಲ್ಲಿ ಸಿಕ್ಕ 116ಇ ತಳಿಯಿಂದ ರೋಟಾವ್ಯಾಕ್ ಲಸಿಕೆ ರೂಪುಗೊಂಡಿತು. ರೋಟಾವೈರಸ್ ಲಸಿಕೆ 2016ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಸೇರಿ, 2019ರಲ್ಲಿ ಮಹಾರಾಷ್ಟ್ರಕ್ಕೆ ಬಂತು. 6, 10, 14ನೇ ವಾರಗಳಲ್ಲಿ ಬಾಯಿಯ ಮೂಲಕ ಕೊಡಲಾಗುತ್ತದೆ.