ಏಳು ವರ್ಷಗಳ ತಕರಾರು: 1842ರ ಗ್ರಂಥಸ್ವಾಮ್ಯ ಕಾಯ್ದೆಯನ್ನು ಮೆಕಾಲೆಯದೆನ್ನಬಹುದೆ?

1842ರ ಇಂಗ್ಲೆಂಡಿನ ಗ್ರಂಥಸ್ವಾಮ್ಯ ಕಾಯ್ದೆ ಇತಿಹಾಸಕಾರ, ಸಂಸದ ಮೆಕಾಲೆಯ ಮನಸ್ಸಿನಂತೆಯೇ ರೂಪುಗೊಂಡಿತೆಂಬ ಮಾತಿಗೆ ದೊಡ್ಡ ಆಧಾರವೆಂದರೆ ಅವನ ಸೋದರಳಿಯ ಜಾರ್ಜ್ ಆಟೊ ಟ್ರೆವೆಲ್ಯನ್ 1876ರಲ್ಲಿ ಪ್ರಕಟಿಸಿದ ಜೀವನಚರಿತ್ರೆ. ಅದರ ಪ್ರಕಾರ, 1841ರಲ್ಲಿ ಮೆಕಾಲೆ ವಿರೋಧಿಸಿ ಮಾತನಾಡಿದ, ಗ್ರಂಥಸ್ವಾಮ್ಯದ ಅವಧಿಯನ್ನು ಹೆಚ್ಚಿಸಬೇಕೆಂಬ ಸಂಸದ ಟಾಲ್ಫರ್ಡ್‌ನ ಮಸೂದೆ ಬಿದ್ದುಹೋಯಿತು. ಮರುವರ್ಷ ಲಾರ್ಡ್ ಮಾಹನ್ ಇನ್ನೊಂದು ಮಸೂದೆ ತಂದಾಗ ಮೆಕಾಲೆ ಮತ್ತೆ ಎದ್ದು ಮಾತನಾಡಿದ. ಪ್ರಧಾನಿ ಪೀಲ್ ಎದುರು ಸಾಲಿಗೇ ನಡೆದು ಬಂದು, ತನ್ನ ಅಭಿಪ್ರಾಯ ಬದಲಾಯಿತೆಂದು ಅವನಿಗೆ ಹೇಳಿದ. 42 ವರ್ಷಗಳ ಅವಧಿ ಅಂಗೀಕಾರವಾಯಿತು, ಮೆಕಾಲೆಯ ಸೂಚನೆಯಲ್ಲಿ ಕೆಲವು ಸಣ್ಣಪುಟ್ಟ ಮಾರ್ಪಾಡುಗಳಷ್ಟೇ ಆದವು. ಅಲ್ಲಿಂದೀಚೆಗೆ ಬರೆದ ಎಷ್ಟೋ ಮಂದಿ ಈ ಕೊನೆಯ ವಾಕ್ಯವನ್ನು ಪರೀಕ್ಷಿಸದೆ ಸಾಗಿಸಿಕೊಂಡು ಬಂದಿದ್ದಾರೆ. ನನ್ನ ತಕರಾರು ಇರುವುದೇ ಅದರ ಮೇಲೆ.

ಮೆಕಾಲೆ ಕೇಳಿದ್ದೇನು? ಸಾಮಾನ್ಯವಾಗಿ ಕೊಡುವ ಉತ್ತರ, ಪ್ರಕಟಣೆಯಿಂದ 42 ವರ್ಷ ಎಂಬುದು. ಅದು ಅರ್ಧ ಮಾತ್ರ ಸರಿ. ಆಗ ಜಾರಿಯಲ್ಲಿದ್ದ 1814ರ ಕಾಯ್ದೆ ಪ್ರಕಟಣೆಯಿಂದ 28 ವರ್ಷ, ಅಥವಾ ಲೇಖಕ ಅದಕ್ಕಿಂತ ಹೆಚ್ಚು ಕಾಲ ಬದುಕಿದರೆ ಅವನ ಜೀವಿತಾವಧಿ ಮುಗಿಯುವ ತನಕ, ಹಕ್ಕನ್ನು ಕೊಡುತ್ತಿತ್ತು. 1842ರ ಏಪ್ರಿಲ್ 6ರ ಭಾಷಣದಲ್ಲಿ ಮೆಕಾಲೆ ಈ ಎರಡು ಅವಧಿಗಳನ್ನು ಬೇರ್ಪಡಿಸಿ ತೋರಿಸಿದ. 28 ವರ್ಷ ಖಚಿತವಾದದ್ದು. ಜೀವಿತಾವಧಿ ಅನಿಶ್ಚಿತವಾದದ್ದು, ಯಾರು ಎಷ್ಟು ದಿನ ಬದುಕುತ್ತಾರೋ ಯಾರಿಗೆ ಗೊತ್ತು. ಮಾಹನ್ ಖಚಿತ ಅವಧಿಯನ್ನು ಮುಟ್ಟದೆ, ಲೇಖಕನ ಮರಣಾನಂತರಕ್ಕೆ 25 ವರ್ಷ ಸೇರಿಸಲು ಹೊರಟಿದ್ದ. ಮೆಕಾಲೆಯದು ಇದರ ತದ್ವಿರುದ್ಧ: ಖಚಿತ ಅವಧಿಗೆ 14 ವರ್ಷ ಸೇರಿಸೋಣ, ಅನಿಶ್ಚಿತ ಅವಧಿಗೆ ಏನನ್ನೂ ಸೇರಿಸುವುದು ಬೇಡ. ಅಂದರೆ 42 ವರ್ಷ ಅಥವಾ ಜೀವಿತಾವಧಿ, ಯಾವುದು ದೀರ್ಘವೋ ಅದು. ಆ ದಿನ ಅವನು ಮಂಡಿಸಿದ ವಾದದ ಜೀವಾಳ ಈ ‘ಏನನ್ನೂ ಸೇರಿಸುವುದು ಬೇಡ’ ಎಂಬ ನಿಲುವು.

1842ರ ಜುಲೈ 1ರಂದು ಜಾರಿಗೆ ಬಂದ ಕಾಯ್ದೆ ಹೇಳುವುದೇ ಬೇರೆ: 42 ವರ್ಷ, ಅಥವಾ ಲೇಖಕನ ಜೀವಿತಾವಧಿಯ ಜೊತೆಗೆ 7 ವರ್ಷ, ಯಾವುದು ದೀರ್ಘವೋ ಅದು. ಖಚಿತ ಅವಧಿ ಮೆಕಾಲೆ ಕೇಳಿದಂತೆಯೇ ಬಂತು. ಅನಿಶ್ಚಿತ ಅವಧಿಗೆ ಮಾತ್ರ ಅವನು ಬೇಡವೆಂದದ್ದು ಸೇರಿಕೊಂಡಿತು. ಟ್ರೆವೆಲ್ಯನ್ ‘ಸಣ್ಣಪುಟ್ಟ’ ಎಂದು ದಾಟಿಸಿದ್ದು ಇದನ್ನು.

ಇದರ ತೂಕ ತಿಳಿಯಬೇಕಾದರೆ ಮೆಕಾಲೆ ಅದೇ ಭಾಷಣದಲ್ಲಿ ಎದುರುಬದುರು ಇಟ್ಟ ಇಬ್ಬರು ಲೇಖಕಿಯರನ್ನೇ ತೆಗೆದುಕೊಂಡು ಲೆಕ್ಕ ಹಾಕಬೇಕು. ಫ್ಯಾನಿ ಬರ್ನಿ ‘ಎವೆಲಿನಾ’ವನ್ನು ಪ್ರಕಟಿಸಿದ್ದು 1778ರಲ್ಲಿ, ಆಕೆ ತೀರಿಕೊಂಡದ್ದು 1840ರಲ್ಲಿ. ಜೇನ್ ಆಸ್ಟೆನ್ 1817ರ ಜುಲೈಯಲ್ಲಿ ತೀರಿಕೊಂಡ ಮೇಲೆ, ಅದೇ ವರ್ಷದ ಕೊನೆಗೆ ‘ಪರ್ಸುಯೇಷನ್’ ಹೊರಬಂತು. ಮಾಹನ್‌ನ ಸೂತ್ರದಲ್ಲಿ ‘ಎವೆಲಿನಾ’ಕ್ಕೆ 87 ವರ್ಷ, ‘ಪರ್ಸುಯೇಷನ್’ಗೆ 28. ಹೆಚ್ಚು ಪಕ್ವವಾದ ಕೃತಿಗೆ ಕಡಿಮೆ ರಕ್ಷಣೆ ಸಿಗುವ ಈ ಅನ್ಯಾಯವೇ ಮೆಕಾಲೆಯ ಮುಖ್ಯ ಆಕ್ಷೇಪ. ಅವನ ಸೂತ್ರದಲ್ಲಿ 62 ಮತ್ತು 42 ಆಗುತ್ತವೆ. ಕಾಯ್ದೆಯ ಸೂತ್ರದಲ್ಲಿ 69 ಮತ್ತು 42. ಮೆಕಾಲೆ 20 ವರ್ಷಕ್ಕೆ ತಗ್ಗಿಸಿದ್ದ ಅಂತರವನ್ನು ಕಾಯ್ದೆ ಮತ್ತೆ 27ಕ್ಕೆ ಏರಿಸಿತು.

ಈ ಏಳು ವರ್ಷಗಳ ಲಾಭ ಸಿಗುವುದು, ಪ್ರಕಟಣೆಯ ನಂತರ 35 ವರ್ಷಕ್ಕಿಂತ ಹೆಚ್ಚು ಬದುಕಿದ ಲೇಖಕರಿಗೆ ಮಾತ್ರ; ಅಂಥವರು ವಿರಳ, ಆದ್ದರಿಂದ ಮಾರ್ಪಾಡು ಸಣ್ಣದೇ ಎಂದು ಯಾರಾದರೂ ವಾದಿಸಬಹುದು. ಒಪ್ಪಲಾರೆ. ಎಳೆಯ ವಯಸ್ಸಿನಲ್ಲಿ ಬರೆದು, ಇಳಿವಯಸ್ಸಿನಲ್ಲೂ ಮಾರಾಟವಾಗುತ್ತಿದ್ದ ಲೇಖಕರೇ ಸುಧಾರಣೆಗಾಗಿ ಒತ್ತಾಯಿಸಿದವರು. ವರ್ಡ್ಸ್‌ವರ್ತ್ ಈ ಮಸೂದೆಗಳ ಪರವಾಗಿ ಸಂಸದರಿಗೆ ಪತ್ರ ಬರೆದ, 1839ರಲ್ಲಿ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದ. ಅವನು ತೀರಿಕೊಂಡದ್ದು 1850ರಲ್ಲಿ. 1807ರ ಅವನ ಎರಡು ಸಂಪುಟಗಳ ಕವನಗಳಿಗೆ 42 ವರ್ಷ ತುಂಬುವುದು 1849ಕ್ಕೆ. ಜೀವಿತಾವಧಿ ಮುಗಿಯುವುದು 1850ಕ್ಕೆ. ಮೆಕಾಲೆಯ ಸೂತ್ರ ಹಳೆಯ ಕಾಯ್ದೆಗಿಂತ ಒಂದು ದಿನವನ್ನೂ ಹೆಚ್ಚಿಗೆ ಕೊಡುತ್ತಿರಲಿಲ್ಲ. ಕಾಯ್ದೆ 1857ರ ತನಕ ಕೊಟ್ಟಿತು. (ಪ್ರಕಾಶಕರಿಗೆ ಮಾರಿಬಿಟ್ಟಿದ್ದ ಹಳೆಯ ಹಕ್ಕುಗಳಿಗೆ ಈ ವಿಸ್ತರಣೆ ತಾನಾಗಿ ಸಿಗುತ್ತಿರಲಿಲ್ಲ, ನನ್ನ ಲೆಕ್ಕ ಕವಿ ಉಳಿಸಿಕೊಂಡ ಹಕ್ಕುಗಳಿಗೆ ಮಾತ್ರ.) ಕವಿಯ ಯೌವನದ ಕವಿತೆಗಳಿಂದ ಅವನ ವಾರಸುದಾರರಿಗೆ ಬಂದ ಲಾಭವೆಲ್ಲ ಆ ‘ಸಣ್ಣಪುಟ್ಟ’ ಏಳು ವರ್ಷಗಳದ್ದು.

ಟ್ರೆವೆಲ್ಯನ್‌ಗೆ ಇದು ಯಾಕೆ ಕಾಣಲಿಲ್ಲ? ಅವನ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಅವನು ಯಾವ ಮನೆಯಿಂದ ನೋಡುತ್ತಿದ್ದ ಎಂಬುದನ್ನು ಗಮನಿಸಬೇಕು. ಮೆಕಾಲೆ ತೀರಿಕೊಂಡದ್ದು 1859ರ ಡಿಸೆಂಬರಿನಲ್ಲಿ. ಏಳು ವರ್ಷ ಸೇರಿಸಿದರೆ 1866. ಅವನ ‘ಇಂಗ್ಲೆಂಡಿನ ಇತಿಹಾಸ’ದ ಮೊದಲ ಸಂಪುಟಗಳು ಬಂದದ್ದು 1848ರಲ್ಲಿ, 42 ವರ್ಷದ ಲೆಕ್ಕದಲ್ಲಿ ಹಕ್ಕು 1890ರ ವರೆಗೆ. ಅವನ ಸೋದರಿ, ಅಂದರೆ ಟ್ರೆವೆಲ್ಯನ್‌ನ ತಾಯಿ, 1861ರಲ್ಲಿ ಹೊರತಂದ ಕೊನೆಯ ಸಂಪುಟಕ್ಕೆ 1903ರ ವರೆಗೆ. ಆ ಕುಟುಂಬಕ್ಕೆ ಲೆಕ್ಕಕ್ಕೆ ಬಂದದ್ದು 42 ಮಾತ್ರ. 7 ಎಂಬ ಅಂಕಿ ಎಂದೂ ಕೆಲಸಕ್ಕೆ ಬರಲಿಲ್ಲ. ಇದು ನನ್ನ ಊಹೆ ಎಂದೇ ಓದುಗರು ಇಟ್ಟುಕೊಳ್ಳಲಿ, ವರ್ಷಗಳ ಲೆಕ್ಕ ಮಾತ್ರ ಊಹೆಯಲ್ಲ.

1841ರ ಸೋಲನ್ನು ಮೆಕಾಲೆಯೊಬ್ಬನ ಖಾತೆಗೆ ಬರೆಯುವುದೂ ಇದೇ ಬಗೆಯ ತಪ್ಪು. ಲೇಖಕನ ಮರಣಾನಂತರ 60 ವರ್ಷ ಕೇಳಿದ ಟಾಲ್ಫರ್ಡ್‌ನ ಮಸೂದೆ ಆ ವರ್ಷ ಬಿದ್ದದ್ದು 38ಕ್ಕೆ 45 ಮತಗಳಿಂದ, ಸದಸ್ಯರು ಹೆಚ್ಚಿಲ್ಲದ ಸಭೆಯಲ್ಲಿ. ಆದರೆ ವಿರೋಧ ಶುರುವಾಗಿದ್ದು 1837ರಲ್ಲೇ. ಅಗ್ಗದ ಮರುಮುದ್ರಣಗಳಿಂದ ಹೆಸರಾದ ಚೀಪ್‌ಸೈಡ್‌ನ ಪುಸ್ತಕ ವ್ಯಾಪಾರಿ ಥಾಮಸ್ ಟೆಗ್ ಮಸೂದೆಯ ವಿರುದ್ಧ ಕಿರುಹೊತ್ತಗೆ ಬರೆದ. ಮುದ್ರಣಾಲಯದ ಕೆಲಸಗಾರರು, ಅಚ್ಚಿನಮೊಳೆ ಜೋಡಿಸುವವರು, ಮನವಿಗಳನ್ನು ಸಲ್ಲಿಸಿದರು. ಕಾಮನ್ಸ್ ಸಭೆಯಲ್ಲಿ ಹ್ಯೂಮ್, ವಾರ್ಬರ್ಟನ್, ವೇಕ್ಲಿ ವರ್ಷಗಟ್ಟಲೆ ಅಡ್ಡ ನಿಂತರು. ಮೆಕಾಲೆ ಕಲ್ಕತ್ತೆಯಿಂದ ಹಿಂತಿರುಗಿದ್ದೇ 1838ರಲ್ಲಿ. ಪುಸ್ತಕದ ಬೆಲೆ ಏರಿದರೆ ದುಡಿದು ತಿನ್ನುವವನ ಕೈಗೆ ಅದು ಎಟುಕದು ಎಂಬ ಮಾತನ್ನು ಅವನಿಗಿಂತ ಮೊದಲು, ಅವನಷ್ಟು ಸೊಗಸಾಗಿ ಅಲ್ಲದಿದ್ದರೂ, ಹೇಳಿದವರು ಇವರು. ಕ್ಯಾಥರಿನ್ ಸೆವಿಲ್ 1999ರ ತಮ್ಮ ಗ್ರಂಥದಲ್ಲಿ ಈ ಇಡೀ ಹೋರಾಟವನ್ನು ಬಿಡಿಸಿಟ್ಟ ಮೇಲೂ ಬರೀ ಭಾಷಣವನ್ನು ಉದ್ಧರಿಸಿ ಮುಗಿಸುವುದನ್ನು ಸಂಶೋಧನೆ ಎನ್ನಲಾಗದು.

ನಮಗೂ ಇದು ದೂರದ ಸಂಗತಿಯಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಪ್ರದೇಶಗಳಿಗಾಗಿ ಮಾಡಿದ 1847ರ 20ನೇ ಕಾಯ್ದೆ ಅದೇ 42ನ್ನೂ ಅದೇ ಏಳನ್ನೂ ಇಲ್ಲಿಗೆ ತಂದಿತು. 1911ರ ಬ್ರಿಟಿಷ್ ಕಾಯ್ದೆ ಪ್ರಕಟಣೆಯ ಲೆಕ್ಕವನ್ನು ಬಹುಮಟ್ಟಿಗೆ ಕೈಬಿಟ್ಟು, ಮರಣಾನಂತರ 50 ವರ್ಷ ಎಂದಿತು. ಅದು ಬ್ರಿಟಿಷ್ ಇಂಡಿಯಾಕ್ಕೂ ಬಂತು. ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ, ಭಾರತ ಆ 50ನ್ನು 60 ಮಾಡಿತು. ಕುವೆಂಪು ನಿಧನರಾದದ್ದು 1994ರಲ್ಲಿ. ಈಗಿನ ಕಾನೂನಿನ ಲೆಕ್ಕದಲ್ಲಿ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ: 1936ರ ‘ಕಾನೂರು ಹೆಗ್ಗಡಿತಿ’ಗೆ 118 ವರ್ಷ, 1967ರ ‘ಮಲೆಗಳಲ್ಲಿ ಮದುಮಗಳು’ವಿಗೆ 87. ಕಾಮನ್ಸ್ ಸಭೆ 1841ರಲ್ಲಿ ತಿರಸ್ಕರಿಸಿದ ಟಾಲ್ಫರ್ಡ್‌ನ 60 ವರ್ಷ 1992ರಿಂದ ಭಾರತದ ಕಾನೂನು.